ಬಾವಿಯ ಕ್ಯಾಸೆಟ್

ಆಗ ಹೈದರಾಬಾದಿನಲ್ಲಿ ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ಸಿಮೆಂಟಿನ ರುಚಿ ಹೋಗುತ್ತಿರಲಿಲ್ಲ. ಕಾಚಿಗೂಡದ ನಮ್ಮ ಓಣಿಯಲ್ಲಿ ಒಂದೊಂದಾಗಿ ಹಳೆಯ ಮನೆ ಬೀಳುತ್ತಿತ್ತು, ಬಿದ್ದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಕಂಪ್ಯೂಟರ್ ಕಲಿತವರೆಲ್ಲ ಈ ಊರಿಗೇ ಬರುತ್ತಾರೆ, ಅವರಿಗೆ ಇರಲು ಮನೆ ಬೇಕು ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಹಾಲಿನವನಿಂದ ಹಿಡಿದು ಗುಡಿಯ ಪೂಜಾರಿಯವರೆಗೆ ಎಲ್ಲರೂ ಮಕ್ಕಳನ್ನು ಹಿಡಿದು ನಿಲ್ಲಿಸಿ, ಕೋರ್ಸಿಗೆ ಸೇರಿದಿರೇನು ಎಂದು ಕೇಳುತ್ತಿದ್ದ ದಿನಗಳು ಅವು. ನಿಮ್ಮಲ್ಲಿ ಆ ಕಾಲದಲ್ಲಿ ಬೆಳೆದವರಿದ್ದರೆ ಆ ಪ್ರಶ್ನೆ ಇನ್ನೂ ಕಿವಿಯಲ್ಲಿರಬೇಕು.

ಈಗ ಅಜ್ಜಿ ಅನ್ನಿಸಿಕೊಳ್ಳುವ ನಾನು ಆ ಕಾಲಕ್ಕೆ ಹುಡುಗಿ ಹೇಗಾದೆ ಎಂದು ಬೆರಳು ಮಡಿಸಿ ಎಣಿಸಬೇಡಿ, ನಾನೇ ಹೇಳುತ್ತೇನೆ. ನನಗೂ ನಮ್ಮ ಅಕ್ಕನಿಗೂ ಇಪ್ಪತ್ತು ವರ್ಷ ಅಂತರ. ಅಕ್ಕನ ಮಕ್ಕಳು ರಘು, ಪಾಣಿ ಇಬ್ಬರೂ ನನಗಿಂತ ದೊಡ್ಡವರು. ಈಗ ರಘುವಿನ ಮಗಳು ನನ್ನನ್ನು ಅಜ್ಜಿ ಅನ್ನುತ್ತಾಳೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊನ್ನೆ ಅವಳೇ ಕಲಿಸಿದಳು. ಒತ್ತಕ್ಷರ ಸಿಗದೆ ಬೈದುಕೊಳ್ಳುತ್ತ ಬರೆಯುತ್ತಿದ್ದೇನೆ. ನಲವತ್ತು ತುಂಬುವ ಮೊದಲೇ ಅಜ್ಜಿಯಾದವಳು ಹುಟ್ಟುತ್ತಲೇ ಮೌಶಿಯಾಗಿದ್ದೆ, ನಾನು ಹೇಳುವ ಬೇಸಿಗೆಯಲ್ಲಿ ನನಗೆ ಹದಿಮೂರು.

ನಮ್ಮ ಕಡೆ ತಾಯಿಯ ತಂಗಿ ಮೌಶಿ. ಅವಳು ತೊಟ್ಟಿಲಲ್ಲಿದ್ದರೂ ಮೌಶಿಯೇ. ಕಲಬುರಗಿಯಿಂದ ನಾನು ಓದಲೆಂದು ಅಕ್ಕನ ಮನೆಗೆ ಬಂದ ದಿನವೇ ಅಕ್ಕ ಮಕ್ಕಳನ್ನು ಎದುರು ನಿಲ್ಲಿಸಿ, "ಮೌಶಿಗೆ ತಿರುಗಿ ಮಾತಾಡಿದ್ರ ಚರ್ಮ ಸುಲೀತೀನಿ" ಅಂದಿದ್ದಳು. ಯುಗಾದಿಗೆ ಮೀಸೆ ಚಿಗುರಿದ ರಘು ಬಗ್ಗಿ ನನ್ನ ಕಾಲು ಮುಟ್ಟಬೇಕಿತ್ತು. ನಾನು ಬೇಕೆಂದೇ ಹಿತ್ತಲಿನ ಕೆಸರು ತುಳಿದು ಬಂದು ಕಾಲು ಚಾಚಿ ಕೂಡುತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಮೂವರ ಕೆಲಸ ಮಾಳಿಗೆಯ ಮೇಲೆ ಒಣಹಾಕಿದ ಶಂಡಗಿಯನ್ನು ಪಾರಿವಾಳಗಳಿಂದ ಕಾಯುವುದು. ಕಾಯಲು ಕೂತವರು ಕ್ಯಾಸೆಟ್ ಹಚ್ಚುತ್ತಿದ್ದೆವು. ಸುಲ್ತಾನ್ ಬಜಾರಿನ ಒಬ್ಬ ಅಂಗಡಿಯವನು ಎಲ್ಲಿಂದಲೋ ತರಿಸಿದ ಸಿಡಿಗಳಿಂದ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿ, ಸಿಡಿಯ ಹೊದಿಕೆಯ ಝೆರಾಕ್ಸನ್ನು ಅಟ್ಟೆಯಾಗಿ ಹಚ್ಚಿ ಕೊಡುತ್ತಿದ್ದ. ಹಾಗೆ ರಘು ತಂದದ್ದು ಅಮೆರಿಕದ ಒಬ್ಬ ಹಾಡುಗಾರನ ಐದು ಕ್ಯಾಸೆಟ್. ಹಾಡೆಂದರೆ ಏನು, ಗರಗಸ ಎಳೆದಂತೆ, ತಗಡು ಸೀಳಿದಂತೆ, ಎಲ್ಲೋ ದೊಡ್ಡ ಯಂತ್ರ ತಿರುಗಿದಂತೆ ಸದ್ದು. ಅದರ ನಡುವೆ ಒಬ್ಬ ಗಂಟಲು ಹರಿದುಕೊಳ್ಳುತ್ತಿದ್ದ. ಅಕ್ಕ ಕೆಳಗಿನಿಂದ, "ಆ ದೆವ್ವಪ್ಪನ್ನ ಬಂದ್ ಮಾಡ್ರೋ, ಹಾಲು ಒಡೀತಾವ" ಎಂದು ಕೂಗುತ್ತಿದ್ದಳು. ನಮಗೂ ಅವನು ದೆವ್ವಪ್ಪನೇ ಆದ.

ಇಂಗ್ಲಿಷ್ ಹೆಸರು ಬಾಯಿಗೆ ಬಾರದ್ದರಿಂದ ಕ್ಯಾಸೆಟ್ಟುಗಳನ್ನು ಅಟ್ಟೆಯ ಚಿತ್ರದಿಂದಲೇ ಕರೆಯುತ್ತಿದ್ದೆವು. ಹಲ್ಲಿನದು, ಕುರ್ಚಿಯದು, ಕಾಗೆಯದು, ಹೊಗೆಯದು, ಬಿಳೀದು. ಇವುಗಳಲ್ಲಿ ಯಾವುದು ಮೊದಲು, ಯಾವುದು ಕೊನೆ ಎನ್ನುವುದೇ ಆ ಬೇಸಿಗೆಯ ಜಗಳ. ನೀರಿನ ಟಾಕಿಯ ಗೋಡೆಯ ಮೇಲೆ ಇದ್ದಿಲಿನಿಂದ ಮೂವರ ಹೆಸರು ಬರೆದು, ಹೆಸರಿನ ಕೆಳಗೆ ಅವರವರ ಪಟ್ಟಿ ಬರೆದಿದ್ದೆವು. ಪ್ರತಿ ಭಾನುವಾರ ವಾದ ಮಾಡಿ, ಎಲ್ಲರೂ ಒಪ್ಪಿದ ಪಟ್ಟಿಯನ್ನು ಅಡಿಯಲ್ಲಿ ಬರೆಯುವುದು. ಖಾರ ಹಚ್ಚಿದ ಅವಲಕ್ಕಿ ತಿನ್ನುತ್ತ, ಮೂಗು ಸೇದುತ್ತ ವಾದಿಸುತ್ತಿದ್ದೆವು. ವಾದ ಸೋತರೆ ನಾನು, "ನಾ ಮೌಶಿ ಇದ್ದೀನಿ, ನಂದೇ ಖರೆ" ಅನ್ನುತ್ತಿದ್ದೆ. ಹೀಗೆ ನನ್ನ ಹಲ್ಲಿನದೇ ಯಾವಾಗಲೂ ಒಂದನೆಯ ಜಾಗದಲ್ಲಿತ್ತು.

ಪಕ್ಕದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಎರಡನೇ ಅಂತಸ್ತು ನಮ್ಮ ಮಾಳಿಗೆಯ ಸಮಕ್ಕೆ ಬಂದಿತ್ತು. ಅಲ್ಲಿ ಹಸಿ ಗೋಡೆಗೆ ನೀರು ಹೊಡೆಯುತ್ತಿದ್ದ ನನ್ನ ವಾರಗೆಯ ಹುಡುಗಿ ಮರೆಮ್ಮ. ಅವಳ ಅಪ್ಪ ಸಾಬಣ್ಣ ಸುರಪುರದ ಕಡೆಯವನು. ಊರಲ್ಲಿ ಬಾವಿ ತೋಡುತ್ತಿದ್ದವನು, ಬೋರಿನ ಮಶಿನ್ ಬಂದ ಮೇಲೆ ಕೆಲಸ ಹೋಗಿ ಇಲ್ಲಿಗೆ ಬಂದಿದ್ದ. ಒಂದು ದಿನ ನಾವು ಜಗಳಾಡುತ್ತಿದ್ದಾಗ ಆ ಕಡೆಯಿಂದ ಅವಳ ದನಿ ಕೇಳಿತು.

"ಅದು ಛಲೋ ಇಲ್ರಿ. ಅದರಾಗ ಅಂವ ಸುಳ್ಳ ಒದರ್ತಾನ."

"ಯಾವುದು?" ಎಂದು ರಘು ಕೇಳಿದ.

"ಈಗ ಹಚ್ಚೀರಲ್ರಿ, ಅದಾ. ನಿನ್ನೆ ಹಚ್ಚಿದ್ದರಾಗ ಮಶಿನ್ ಮದ್ಲ ಅಳತೈತಿ, ಆಮ್ಯಾಲ ಅಂವ ಅಳ್ತಾನ. ಅದು ಖರೇ ಐತಿ."

ಈಗ ಹಚ್ಚಿದ್ದು ನನ್ನ ಹಲ್ಲಿನದು. ನಿನ್ನೆಯದು ರಘುವಿನ ಕಾಗೆಯದು. ರಘು ಎದ್ದು ಹೋಗಿ ಎರಡು ಕಟ್ಟಡಗಳ ನಡುವೆ ಒಂದು ಹಲಗೆ ಹಾಕಿಸಿಕೊಂಡ. ಅಂದಿನಿಂದ ಊಟದ ಬಿಡುವಿನಲ್ಲಿ ಅವಳು ಹಲಗೆ ದಾಟಿ ಬರತೊಡಗಿದಳು. ಕಣ್ಣು ಮುಚ್ಚಿ ಕೇಳುತ್ತಿದ್ದಳು, ಬೆರಳಿನಿಂದ ಬಕೀಟು ಬಡಿಯುತ್ತಿದ್ದಳು. ಒಂದು ಪದದ ಅರ್ಥವೂ ಅವಳಿಗೆ ಗೊತ್ತಿರಲಿಲ್ಲ. ನಮಗೂ ಅಷ್ಟೇ ಅನ್ನಿ. ಆದರೆ ಎಲ್ಲಿ ಡ್ರಮ್ ಬೇಕೆಂದೇ ತಡವಾಗಿ ಬೀಳುತ್ತದೆ, ಎಲ್ಲಿ ಅವನಿಗೆ ಉಸಿರು ಸಾಲದಾಗುತ್ತದೆ ಎಂದು ಅವಳು ಹೇಳಿದ ಮೇಲೆ ನಮಗೂ ಹಾಗೇ ಕೇಳಿಸುತ್ತಿತ್ತು. ಎರಡೇ ವಾರದಲ್ಲಿ ಹಲ್ಲಿನದು ನಾಲ್ಕನೆಯ ಜಾಗಕ್ಕೆ ಇಳಿಯಿತು. ನಾನು ಮೌಶಿ ಅಂದರೂ ನಡೆಯಲಿಲ್ಲ. "ಮೌಶಿ ಇದ್ರ ಇರು, ಕಿವಿ ಅಕೀಗೇ ಅದ" ಎಂದು ಪಾಣಿ ನಕ್ಕ.

ಮರೆಮ್ಮನಿಗೆ ಬೇಕಾಗಿದ್ದದ್ದು ಒಂದೇ. ಟಾಕಿಯ ಮೇಲೆ ತನ್ನ ಹೆಸರು. ಮೂರನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟವಳು, ಹಾಜರಿ ಪುಸ್ತಕದ ಆಚೆ ತನ್ನ ಹೆಸರನ್ನು ಎಲ್ಲೂ ಕಂಡಿರಲಿಲ್ಲ.

"ನನ್ನ ಹೆಸರು ಯಾವಾಗ ಬರೀತೀರಿ ಅಣ್ಣಾರ?" ಎಂದು ದಿನಾ ಕೇಳುತ್ತಿದ್ದಳು.

"ಈ ಐತವಾರ ಬರ್ಯೋಣು" ಎಂದು ರಘು ಮಾತು ಕೊಟ್ಟ. ತನ್ನ ಹೆಸರಿನ ಪಕ್ಕದಲ್ಲಿ ಜಾಗ ಒರೆಸಿ ಖಾಲಿ ಬಿಟ್ಟ. ಆ ಖಾಲಿ ಜಾಗ ನೋಡಿ ನನಗೆ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಶನಿವಾರ ರಘು, ಪಾಣಿ ಇಬ್ಬರನ್ನೂ ಅಡುಗೆಮನೆಯ ಹಿಂದೆ ಕರೆದು ನನ್ನ ಹಂಚಿಕೆ ಹೇಳಿದೆ. ಪಾಣಿಗೆ ಖುಷಿಯಾಯಿತು. ರಘು ಬೇಡ ಅಂದ. "ಅಕ್ಕನ ಕರೀಲೇನು? ಮೌಶಿ ಮಾತು ಮೀರ್ತಾನ ಅಂತ ಹೇಳ್ಲೇನು?" ಅಂದೆ. ಅವನು ಗೋಡೆ ಕಡೆ ಮುಖ ಮಾಡಿ, "ಏನರೇ ಮಾಡ್ಕೋ, ನಾ ಬಾಯಿ ಬಿಡಂಗಿಲ್ಲ" ಅಂದ. ನನಗೆ ಅಷ್ಟೇ ಸಾಕಾಗಿತ್ತು.

ಭಾನುವಾರ ಮರೆಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಳು. ಐದರ ಪಟ್ಟಿಯನ್ನೂ ತಡೆಯಿಲ್ಲದೆ ಹೇಳಿದಳು. ರಘು ಇದ್ದಿಲು ಕೈಗೆ ತೆಗೆದುಕೊಂಡಿದ್ದ. ನಾನು ಅದನ್ನು ಕಸಿದುಕೊಂಡು ಕೇಳಿದೆ.

"ಐದು ಆದವು. ಆರನೇದು ಎಲ್ಲಿ ಇಡ್ತಿ?"

"ಆರನೇದು ಯಾವುದ್ರಿ?"

"ಬಾವೀದು. ಅಟ್ಟೆ ಮ್ಯಾಲ ಬಾವಿ ಅದ ನೋಡು, ಅದು. ಅಂವ ಮಾಡಿದ್ದರಾಗ ಎಲ್ಲಾಕ್ಕಿಂತ ಮದಲಿಂದು. ಅದನ್ನ ಕೇಳಲಾರದವರ ಹೆಸರು ನಾವು ಇಲ್ಲಿ ಬರ್ಯಂಗಿಲ್ಲ."

ಅವಳು ರಘುವಿನ ಮುಖ ನೋಡಿದಳು. ರಘು ಶಂಡಗಿ ತಿರುವಿ ಹಾಕುತ್ತಿದ್ದ. ಅವಳು ಖಾಲಿ ಜಾಗ ನೋಡಿದಳು.

"ಕೇಳೀನ್ರಿ" ಅಂದಳು.

"ಎಲ್ಲಿ ಕೇಳಿದಿ?"

"ಮೊನ್ನೆ ನೀವೇ ಹಚ್ಚಿದ್ರಲ್ರಿ. ನಾ ಆ ಕಡಿ ಗ್ವಾಡಿಗೆ ನೀರ ಹೊಡ್ಯಾಕತ್ತಿದ್ದೆ."

ಪಾಣಿ ನಗೆ ತಡೆಯಲಾಗದೆ ಅವಲಕ್ಕಿಯಲ್ಲಿ ಮುಖ ಹುದುಗಿಸಿದ. "ಹಂಗಾರ ಎಷ್ಟನೇದಕ್ಕ ಇಡ್ತಿ?" ಎಂದು ನಾನು ಕೇಳಿದೆ.

"ಒಂದನೇದಕ್ಕರಿ."

"ಅಂಥಾದ್ದು ಏನದ ಅದರಾಗ?"

ಸಿಕ್ಕಿಬಿದ್ದಳು ಅಂದುಕೊಂಡೆ. ಅವಳು ಟಾಕಿಗೆ ಒರಗಿ, ಕಣ್ಣು ಮುಚ್ಚಿ, ಶುರು ಮಾಡಿದಳು.

"ಮದ್ಲಿಗೆ ಹಾಡೇ ಇಲ್ರಿ ಅದರಾಗ. ಹಗ್ಗದ ಗಡಗಡಿ ಒಂದಾ ತಿರಗತೈತಿ. ಯಾರೋ ಹಗ್ಗ ಹಿಡದು ಬಾವ್ಯಾಗ ಇಳ್ಯಾಕತ್ಯಾರ. ಇಳದಂಗ ಇಳದಂಗ ಮ್ಯಾಲಿನ ಸಪ್ಪಳ ಸಣ್ಣ ಆಗ್ತಾವ. ದನದ್ದು, ಮಂದೀದು, ಎಲ್ಲಾ. ಕಡೀಕ ಅವನ ಉಸಿರು ಒಂದಾ ಉಳೀತೈತಿ."

ಅವಳ ಬೆರಳು ಟಾಕಿಯ ಗೋಡೆಯ ಮೇಲೆ ಬಡಿಯತೊಡಗಿತ್ತು. ಟಾಕಿ ಅರ್ಧ ಖಾಲಿಯಿತ್ತು. ಒಳಗಿನಿಂದ ದನಿ ತಿರುಗಿ ಬರುತ್ತಿತ್ತು.

"ಎರಡನೇದರಾಗ ಸುತಗಿ. ಅಂವ ಒಂದು ಏಟು ಹಾಕಿದ್ರ ಬಾವಿ ಎರಡು ಏಟು ವಾಪಸ್ ಕೊಡತೈತಿ. ಅದರ ಜೋಡಿನಾ ಹಾಡ್ತಾನ. ಒದರಂಗಿಲ್ಲ. ಬಾವ್ಯಾಗ ಯಾರೂ ಒದರಂಗಿಲ್ರಿ, ಒದರಿದ್ರ ಏನೋ ಆತು ಅಂತ ಮ್ಯಾಲಿನವರು ಹಗ್ಗ ಜಗ್ಗಿಬಿಡ್ತಾರ. ಅದಕ್ಕ ಅಂವ ಹಲ್ಲು ಕಚ್ಚಿ ಹಾಡ್ತಾನ."

ಪಾಣಿಯ ನಗೆ ನಿಂತಿತ್ತು. ಪಾರಿವಾಳಗಳು ಬಂದು ಶಂಡಗಿ ತಿನ್ನುತ್ತಿದ್ದವು, ಯಾರೂ ಓಡಿಸಲಿಲ್ಲ.

"ಮೂರನೇದರಾಗ ಸುತಗಿ ಸಪ್ಪಳ ಬದಲಿ ಆಗತೈತಿ. ಕಲ್ಲಿನ ಹಿಂದ ನೀರಿದ್ರ ಬ್ಯಾರೇನಾ ಸಪ್ಪಳ, ಮೆತ್ತಗ. ಅಂವಗ ಗೊತ್ತಾಗತೈತಿ. ಆದ್ರ ಮ್ಯಾಲಿನವರಿಗೆ ಹೇಳಂಗಿಲ್ಲ. ಸುತಗಿ ಕೆಳಗಿಟ್ಟು, ಕಲ್ಲಿಗೆ ಕೈ ಹಚ್ಚಿ ನಿಂದರ್ತಾನ. ನಿಂತು..."

ಆಗ ನಾನು ರಘುವಿನ ಮುಖ ನೋಡಿದೆ. ಐದು ಕ್ಯಾಸೆಟ್ ಕೇಳುವಾಗಲೂ ಅವನ ಮುಖ ಹಾಗಿರಲಿಲ್ಲ. ನಾನು ಮಾತಾಡುವಾಗಲಂತೂ ಎಂದೂ ಇರಲಿಲ್ಲ. "ಮೌಶಿ, ಸಾಕು, ಬರೀ ಅಕಿ ಹೆಸರು" ಎಂದು ಅವನು ಪಿಸುಗುಟ್ಟಿದ.

"ಮರೆಮ್ಮಾ" ಅಂದೆ ನಾನು. "ಬಾವೀ ಕ್ಯಾಸೆಟ್ ಅನ್ನೋದೇ ಇಲ್ಲ. ಅದನ್ನ ನಾ ನಿನ್ನೆ ಸಂಡಾಸಿನ್ಯಾಗ ಕೂತು ಹುಟ್ಟಿಸಿದ್ದು."

ಅವಳು ಕಣ್ಣು ತೆರೆದಳು. ಬೆರಳು ಇನ್ನೂ ಎರಡು ಏಟು ಬಡಿದು ನಿಂತಿತು. ಪಾಣಿ ಹೋ ಎಂದು ನಕ್ಕ, ನಾನು ಅದಕ್ಕಿಂತ ಜೋರಾಗಿ ನಕ್ಕೆ.

"ಹಂಗಾರ ಆ ಹಾಡು ಯಾರೂ ಮಾಡಿಲ್ಲೇನ್ರಿ?" ಎಂದು ಅವಳು ಕೇಳಿದಳು.

"ಯಾರೂ ಮಾಡಿಲ್ಲ. ನೀ ಸುಳ್ಳಬುರಕಿ."

ಅಷ್ಟಕ್ಕೆ ಬಿಟ್ಟಿದ್ದರೆ ಮಕ್ಕಳ ಕುಚೇಷ್ಟೆ ಅನ್ನಬಹುದಿತ್ತು. ನಾನು ಇದ್ದಿಲು ಒತ್ತಿ ಹಿಡಿದು ಆ ಖಾಲಿ ಜಾಗದಲ್ಲಿ ದೊಡ್ಡದಾಗಿ ಬಾವಿ ಎಂದು ಬರೆದೆ. ಅವಳು ಅಕ್ಷರ ಕೂಡಿಸಿ ಓದಿಕೊಂಡಳು. ತುಟಿ ಅಲುಗಿದ್ದು ಕಂಡಿತು. ಆಮೇಲೆ ಹಲಗೆ ದಾಟಿ ಹೋಗಿ, ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮರುದಿನದಿಂದ ಅವಳು ನೀರು ಹೊಡೆಯಲು ಬಂದಾಗಲೆಲ್ಲ ನಾನೂ ಪಾಣಿಯೂ "ಏ ಬಾವೀ" ಎಂದು ಕರೆಯುತ್ತಿದ್ದೆವು. ಮಿಕ್ಸರ್ ನಡೆಸುವವರು ಆ ಹೆಸರು ಹಿಡಿದರು. ವಾರದೊಳಗೆ ಸೆಂಟ್ರಿಂಗಿನ ತೆಲುಗು ಮೇಸ್ತ್ರಿಯೂ ಹಾಗೇ ಕೂಗತೊಡಗಿದ. ಒಂದು ಮಧ್ಯಾಹ್ನ ಸಾಬಣ್ಣನೂ ಕೆಳಗಿನಿಂದ, "ಬಾವೀ, ಬುತ್ತಿ ತಗೊಂಡ ಬಾರವ್ವ" ಎಂದು ಕರೆದ. ದೊಡ್ಡ ಮನೆಯ ಮಕ್ಕಳು ತನ್ನ ಕಸುಬು ನೆನೆದು ಮಗಳಿಗೆ ಪ್ರೀತಿಯಿಂದ ಇಟ್ಟ ಹೆಸರು ಅಂದುಕೊಂಡಿದ್ದ. ದನಿಯಲ್ಲಿ ಹೆಮ್ಮೆ ಇತ್ತು. ಅವಳು ಬುತ್ತಿ ತೆಗೆದುಕೊಂಡು ಇಳಿದು ಹೋದಳು. ನಾನು ಮಾಳಿಗೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಬಕೀಟು ಬಡಿಯುವುದು ಆ ವಾರದಿಂದ ನಿಂತಿತು. ನಾವು ಕ್ಯಾಸೆಟ್ ಹಚ್ಚಿದರೆ ಗೋಡೆಯ ಆಚೆ ಮಗ್ಗುಲಿಗೆ ಹೋಗಿ ನೀರು ಹೊಡೆಯುತ್ತಿದ್ದಳು.

ರಘು ಒಂದು ದಿನ ಹಸಿ ಬಟ್ಟೆ ತಂದು ಟಾಕಿ ಒರೆಸಲು ಬಂದ. "ಮೌಶಿ ಬರದದ್ದು ಅಳಸ್ತೀಯೇನು?" ಅಂದೆ. ಅವನು ಬಟ್ಟೆ ಕೆಳಗೆ ಹಾಕಿ, ಇದ್ದಿಲು ತೆಗೆದುಕೊಂಡು, ಎಲ್ಲರೂ ಒಪ್ಪಿದ ಪಟ್ಟಿಯ ಜಾಗದಲ್ಲಿ ನನ್ನ ಪಟ್ಟಿಯನ್ನೇ ಬರೆದ. ಹಲ್ಲಿನದು ಒಂದು, ಬಿಳೀದು ಎರಡು, ಹೀಗೆ ಐದೂ. "ಸಾಕಲ್ಲ ಮೌಶಿ?" ಎಂದು ಕೇಳಿ ಕೆಳಗಿಳಿದು ಹೋದ. ಮತ್ತೆ ಅವನು ವಾದಕ್ಕೆ ಬರಲಿಲ್ಲ. ನಾನು ಯಾವುದು ಹೇಳಿದರೂ ಪಾಣಿ ಹೂಂ ಅನ್ನುತ್ತಿದ್ದ. ನಾನು ಗೆದ್ದ ಪಟ್ಟಿಯ ಎದುರು ಒಬ್ಬಳೇ ಕೂತು ಶಂಡಗಿ ಕಾಯ್ದೆ.

ದಸರೆಯ ಹೊತ್ತಿಗೆ ಅಪಾರ್ಟ್‌ಮೆಂಟಿಗೆ ಬಣ್ಣ ಬಂತು. ಕೆಲಸಗಾರರ ತಗಡಿನ ಶೆಡ್ ಕಿತ್ತರು. ಅವರ ಪಾತ್ರೆ, ಹಾಸಿಗೆಗಳನ್ನು ಟೆಂಪೋಕ್ಕೆ ಏರಿಸುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ಶಂಶಾಬಾದ್ ಕಡೆ ಹೊಸ ಕೆಲಸ ಹಿಡಿದಿದ್ದರಂತೆ. ಅಷ್ಟು ದಿನವೂ ನನ್ನನ್ನು ಒಂದು ಮಾತು ಕೊರೆಯುತ್ತಿತ್ತು. ಪಶ್ಚಾತ್ತಾಪ ಅಂತ ಹೇಳಿ ನಿಮ್ಮ ಹತ್ತಿರ ಒಳ್ಳೆಯವಳಾಗಲಾರೆ, ಅದು ಬರೀ ಆಸೆ. ಚಪ್ಪಲಿ ಹಾಕದೆ ಓಡಿದೆ. ಮರೆಮ್ಮ ಟೆಂಪೋದ ಹಿಂದೆ ಗಂಟಿನ ಮೇಲೆ ಕೂತಿದ್ದಳು.

"ಮರೆಮ್ಮಾ, ಅಂವ ಕಲ್ಲಿಗೆ ಕೈ ಹಚ್ಚಿ ನಿಂತಿದ್ನಲ್ಲ. ಮುಂದ ಏನಾತು? ನೀರು ಬಂತೇನು?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

"ಅಂಥಾ ಕ್ಯಾಸೆಟ್ಟೇ ಇಲ್ಲಲ್ರಿ ಮೌಶಿ" ಅಂದಳು.

ಟೆಂಪೋ ಹೊರಟಿತು. ರಘು ಗೇಟಿನಲ್ಲಿ ನಿಂತಿದ್ದವನು ನಾನು ಬರುವುದರೊಳಗೆ ಒಳಗೆ ಹೋದ.

ಈಗ ಆ ಐದೂ ಫೋನಿನಲ್ಲಿ ಬೆರಳು ತಾಗಿದರೆ ಸಿಗುತ್ತವೆ. ಗೊತ್ತಿಲ್ಲದ ದೇಶಗಳ ಮಂದಿ ಅವುಗಳನ್ನು ಹಿಂದೆ ಮುಂದೆ ಮಾಡಿ ಪಟ್ಟಿ ಬರೆದು, ಒಬ್ಬರನ್ನೊಬ್ಬರು ಕಿವುಡರು ಎಂದು ಬೈದುಕೊಳ್ಳುವುದನ್ನು ಮೊನ್ನೆ ಓದಿದೆ. ಹಲ್ಲಿನದನ್ನು ಹೆಚ್ಚಿನವರು ಕೊನೆಗೆ ಹಾಕಿದ್ದಾರೆ. ಕೇಳಿ ನೋಡಿದೆ, ಅವನು ನಿಜಕ್ಕೂ ಸುಳ್ಳೇ ಒದರುತ್ತಾನೆ. ಆರನೆಯದನ್ನು, ಆ ಬಾವಿಯದನ್ನು ಕೇಳಿದವರು ಲೋಕದಲ್ಲಿ ಮೂರೇ ಮಂದಿ. ಪಾಣಿಗೆ ನಕ್ಕದ್ದಷ್ಟೇ ನೆನಪಿದೆ. ಆ ಮಾತು ತೆಗೆದರೆ ರಘು ಈ ವಯಸ್ಸಿನಲ್ಲೂ ಎದ್ದು ಹೋಗುತ್ತಾನೆ. ನನಗೆ ಗಡಗಡಿ ನೆನಪಿದೆ, ಸುತ್ತಿಗೆ ನೆನಪಿದೆ, ಕತ್ತಲಲ್ಲಿ ಕಲ್ಲಿಗೆ ಕೈ ಹಚ್ಚಿ ನಿಂತವನು ನೆನಪಿದ್ದಾನೆ. ನೀರು ಬಂತೋ ಇಲ್ಲವೋ ಗೊತ್ತಿಲ್ಲ.