ಧೀರಜನ ಗಾಡಿಗಿಂತ ಒಂದು ಬೆರಳು ಉದ್ದ

ನಮ್ಮ ಭಗವಂತ ಚಳವಳಿಯಲ್ಲಿ ಲಾಠಿ ತಿಂದಿದ್ದಾನೆ, ಜೇಲಿನ ರೊಟ್ಟಿಯನ್ನೂ ತಿಂದಿದ್ದಾನೆ. ಎರಡನ್ನೂ ಅರಗಿಸಿಕೊಂಡ. ಆದರೆ ಷಡ್ಡಕ ಧೀರಜ ಹೊಸ ಕ್ರೂಸರ್ ಬೈಕು ತಂದು ನಮ್ಮ ದಲಿತ ವಸ್ತಿಯ ಸಮಾಜ ಮಂದಿರದ ಮುಂದೆ ನಿಲ್ಲಿಸಿದ್ದು ಅವನಿಗೆ ಅರಗಲಿಲ್ಲ.

ಅಕ್ಕಲಕೋಟೆಯಿಂದ ದುಧನಿಗೆ ಹೋಗುವ ದಾರಿಯಲ್ಲಿದೆ ನಮ್ಮ ಊರು. ಭಗವಂತ ಅಕ್ಕಲಕೋಟೆಯಲ್ಲಿ ನಳದ ನೀರು ಬಿಡುವ ಕೆಲಸದಲ್ಲಿದ್ದಾನೆ. ಧೀರಜ ಸೊಲ್ಲಾಪುರದ ಟವೆಲ್ ಕಾರಖಾನೆಯಲ್ಲಿ ಸುಪರವೈಜರ್. ಇಬ್ಬರೂ ದಿನಾ ಊರಿನಿಂದ ಹೋಗಿ ಬರುವವರು. ಅಕ್ಕತಂಗಿಯರಲ್ಲಿ ಅಕ್ಕ ದ್ರೌಪದಿ ಭಗವಂತನ ಹೆಂಡತಿ, ತಂಗಿ ಪಿಂಕಿ ಧೀರಜನ ಹೆಂಡತಿ. ಪಿಂಕಿ ಗಾಗಲ್ ಹಾಕಿಕೊಂಡು ಆ ಬೈಕಿನ ಹಿಂದೆ ಕೂತು ಹೋಗುವಾಗ ದ್ರೌಪದಿ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಭಗವಂತ ಜಗಳವನ್ನಾದರೂ ಮಾಡುತ್ತಿದ್ದ.

ಕೇಳಿದವರಿಗೆಲ್ಲ ಅವನು ಬೈಕಿನ ತಪ್ಪುಗಳನ್ನು ಹೇಳುತ್ತ ತಿರುಗಿದ. "ಎಮ್ಮಿ ಆಗ್ಯಾದ. ಗಲ್ಲಿಯೊಳಗ ಹೊಳ್ಳಸಾಕ ಬರೂದಿಲ್ಲ." "ಕಾಲ ಮುಂದ ಚಾಚಿ ಕುಂದ್ರೂದು ಗಾಡೀನಾ ಅದು? ಕಟಿಂಗ್ ಅಂಗಡಿ ಖುರ್ಚಿ!" ಎಂದು ನಗುತ್ತಿದ್ದ. ಬೈಕು ಹಾದುಹೋದರೆ ಮಾತ್ರ ಅದು ತಿರುವು ದಾಟುವ ತನಕ ಅವನ ಕುತ್ತಿಗೆ ಅದರ ಹಿಂದೆಯೇ ಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಹೊಟ್ಟೆಕಿಚ್ಚು ಮನೆಯೊಳಗೇ ಬೆಂದು ಬೂದಿಯಾಗುತ್ತಿತ್ತು. ನಡುವೆ ಜಯಂತಿ ಬಂತು.

ಬಾಬಾಸಾಹೇಬರ ಜಯಂತಿಗೆ ನಮ್ಮಲ್ಲಿ ಬೈಕುಗಳ ಮೆರವಣಿಗೆ ಇರುತ್ತದೆ. ಎಲ್ಲರಿಗಿಂತ ಮುಂದಿನ ಗಾಡಿ ಭಗವಂತನದು. ಅದು ಅವನಿಗೆ ಪುಕ್ಕಟೆ ಸಿಕ್ಕ ಜಾಗವಲ್ಲ. ಪಾಟೀಲರ ವಾಡೆಯ ಮುಂದಿನ ಬೀದಿಗೆ ನೀಲಿ ಝೇಂಡಾ ಬರಕೂಡದು ಎಂದು ಅವರ ಮಂದಿ ಅಡ್ಡ ನಿಂತ ಕಾಲದಲ್ಲಿ, ಸೈಕಲ್ ತುಳಿದುಕೊಂಡು ಮೊದಲು ಒಳಗೆ ನುಗ್ಗಿದವನು ಅವನು. ತಲೆ ಒಡೆಯಿತು, ಬೀದಿ ತೆರೆಯಿತು. ಅಂದಿನಿಂದ ಮುಂದಿನ ಜಾಗ ಅವನದೇ. ಸೈಕಲ್ ಹೋಗಿ ಹಳೆಯ ಬೈಕು ಬಂದರೂ ಜಾಗ ಬದಲಾಗಿರಲಿಲ್ಲ.

ಈ ಸಲ ಕಮಿಟಿ ಕೂತಾಗ ಅಧ್ಯಕ್ಷ ಸಾಯಬಣ್ಣ ತಲೆ ಕೆರೆದುಕೊಂಡ. "ಭಗವಂತಾ, ಈ ವರ್ಷ ಮುಂದ ಧೀರಜನ ಗಾಡಿ ಇರ್ಲಿ. ಹುಡುಗರು ವಿಡಿಯೋ ತೆಗೀತಾವ. ನಿಂದು ನೋಡಿದ್ರ ಸೈಲೆನ್ಸರ್ ತಂತೀಲೆ ಕಟ್ಟೀದಿ."

"ಮುಂದ ಗಾಡಿ ಹೋಗ್ತದೋ, ಮನಷ್ಯಾ ಹೋಗ್ತಾನೋ?"

"ಇಬ್ರೂ ಹೋಗ್ತಾರ. ಗಾಡಿ ದೊಡ್ಡದಿದ್ದಾಂವ ಮುಂದ."

"ಹಂಗಾದ್ರ ಇಂವಂದಕಿಂತ ದೊಡ್ಡದು ನಾ ತಂದ್ರ?"

"ತಾ. ನೀನ ಮುಂದ ಹೋಗು. ನಂದೇನ್ ಗಂಟು ಹೋಗ್ತದ?"

ಅಲ್ಲೇ ಕೂತಿದ್ದ ಧೀರಜ ಮೊಬೈಲಿನಿಂದ ತಲೆ ಎತ್ತಲಿಲ್ಲ. ಆದರೆ ನಕ್ಕ. ಆ ನಗುವೇ ಭಗವಂತನನ್ನು ಸೊಲ್ಲಾಪುರಕ್ಕೆ ಅಟ್ಟಿತು.

ಹೋಗುವ ಮೊದಲು ಒಂದು ಕೆಲಸ ಮಾಡಿದ. ಧೀರಜ ಊಟಕ್ಕೆ ಕೂತಿದ್ದಾಗ, ಅವನ ಬೈಕನ್ನು ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಗೇಣು ಹಾಕಿ ಅಳೆದ. ಪಿಂಕಿ ಕಿಟಕಿಯಿಂದ ನೋಡಿದಳು. "ಭಾವಾ, ಅದಕ್ಕೇನ್ ಅಂಗಿ ಹೊಲಿಸ್ತೀರೇನ್ರಿ?" ಎಂದಳು.

ಸೊಲ್ಲಾಪುರಕ್ಕೆ ನನ್ನನ್ನೂ ಎಳೆದುಕೊಂಡು ಹೋದ. ಚಳವಳಿಯಲ್ಲಿ ಒಂದೇ ಚಾದರ ಹೊದ್ದು ಮಲಗಿದವರು ನಾವು, ಒಲ್ಲೆ ಅನ್ನಲಾಗಲಿಲ್ಲ. ಶೋರೂಮಿನಲ್ಲಿ ಎ.ಸಿ., ಗಾಜು, ತಣ್ಣನೆ ನೀರು. ಅಲ್ಲಿದ್ದ ಹುಡುಗಿ ಮರಾಠಿಯಲ್ಲಿ ನಯವಾಗಿ, ಈಗ ಬುಕ್ ಮಾಡಿದರೆ ಗಾಡಿ ಮಳೆಗಾಲಕ್ಕೆ ಬರುತ್ತದೆ ಕಾಕಾ ಎಂದಳು. ಜಯಂತಿ ಮಳೆಗಾಲಕ್ಕೆ ಕಾಯುತ್ತದೆಯೇ? ಎದ್ದು ಬಂದೆವು.

ಹಳೆಯ ಗಾಡಿ ಮಾರುವ ಭೀಮಶಾನ ಅಂಗಡಿಯಲ್ಲಿ ಬಿಸಿಲಿಗೆ ಬೈಕುಗಳು ಸಾಲಾಗಿ ನಿಂತಿದ್ದವು. ಮೂಲೆಯಲ್ಲೊಂದು ಕ್ರೂಸರ್. ಹೊಸದಾಗಿ ಹೊಡೆದ ಕರೀ ಬಣ್ಣ, ತಗ್ಗಾದ ಸೀಟು, ಎತ್ತಿದ ಹ್ಯಾಂಡಲ್. ಭಗವಂತ ಇಂಜಿನ್ನಿನ ಮಾತೆತ್ತಲಿಲ್ಲ. ಬಗ್ಗಿ ಗೇಣು ಹಾಕಿದ. ಭೀಮಶಾ ನನ್ನ ಕಡೆ ನೋಡಿದ. "ಯಾಕ್ರಿ, ಇವರು ಟೇಲರ್ ಏನ್ರಿ?"

ಭಗವಂತ ಎದ್ದು ನಿಂತಾಗ ಅವನ ಮುಖ ಹಬ್ಬವಾಗಿತ್ತು. "ಒಂದ್ ಬೆರಳ ಉದ್ದ ಅದ ಲೇ! ಧೀರಜನ ಗಾಡಿಗಿಂತ ಒಂದ್ ಬೆರಳ!"

ನಮ್ಮ ಕಡೆ ಯಾವುದೇ ಹಳೆಯ ಮಾಲು ಕೊಳ್ಳುವಾಗ ಮೊದಲು ಕೇಳುವುದು ಒಂದೇ ಮಾತು: ಯಾರ ಮನೆಯದು? ಒಂದು ಆಡು ಕೊಳ್ಳುವಾಗಲೂ ಭಗವಂತ ಅದನ್ನು ಕೇಳದೆ ಹಗ್ಗ ಹಿಡಿದವನಲ್ಲ. ಅವತ್ತು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೊಟ್ಟ ಕಾಗದಗಳನ್ನು ಮಡಿಚಿ ಅಂಗಿಯೊಳಗೆ ತುರುಕಿಕೊಂಡು ಕಿಕ್ ಹೊಡೆದ.

ದಾರಿಯುದ್ದಕ್ಕೂ ಅವನದೊಂದೇ ಮಾತು. "ಧೀರ್ಯಾ ಈಗ ಮನಿಯಾಗ ಇರ್ತಾನಲ್ಲ? ಹೊರಗ ಹೋಗಿದ್ರ ಏನ್ ಮಾಡೂದು?" ಅಕ್ಕಲಕೋಟೆಯಲ್ಲಿ ಚಹಾಕ್ಕೂ ನಿಲ್ಲಲಿಲ್ಲ.

ಊರ ಅಗಸಿ ಬಾಗಿಲಿಗೆ ಬಂದಾಗ ಕಟ್ಟೆಯ ಮೇಲೆ ಮಂದಿ ಕೂತಿದ್ದರು. ಹ್ಯಾಂಡಲ್ಲಿನ ಎಡಕ್ಕೆ ಹಾರ್ನಿನ ಕೆಳಗೆ ಇನ್ನೊಂದು ಕೆಂಪು ಗುಂಡಿ ಇತ್ತು. ದಾರಿಯಲ್ಲಿ ಅದನ್ನು ಮುಟ್ಟಿರಲಿಲ್ಲ. ಉಮೇದಿನಲ್ಲಿ ಈಗ ಒತ್ತಿದ. ಕೋಣ ಒದರಿದಂಥ ದೊಡ್ಡ ಸದ್ದು ಬಂತು.

ಕಟ್ಟೆ ಎದ್ದು ನಿಂತಿತು. ನಮ್ಮವನೇ ಆದ ಮುದುಕ ಗೊಲ್ಲಾಳಪ್ಪ ಹೆಗಲ ಟವೆಲ್ ಕೈಗೆ ತಗೊಂಡು ದಾರಿ ಬಿಟ್ಟ. ನೀರಿಗೆ ಹೊರಟ ಹೆಂಗಸರು ಗೋಡೆಗೆ ಸರಿದರು. ನಿಜ ಹೇಳುತ್ತೇನೆ, ಭಗವಂತನೂ ಬೆಚ್ಚಿಬಿದ್ದು ಗಾಡಿಯನ್ನು ದಾರಿಯ ಬದಿಗೆ ತಗೊಂಡ. ಆ ಸದ್ದು ಊರಿಗೆಲ್ಲ ಗೊತ್ತಿತ್ತು. ಪಾಟೀಲರ ಮಗ ಅಮೋಲ ಈಚೆಗೆ ಕಾರು ಕೊಂಡಾಗ ಮಾರಿದ ಬೈಕು ಇದು. ಆಗ ಇದರ ಬಣ್ಣ ಕೆಂಪಿತ್ತು.

ಗೊಲ್ಲಾಳಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಏ, ಭಗವಂತ ಇದ್ದಾನಲೇ! ನಾ ಸಣ್ ಪಾಟೀಲ್ರು ಬಂದ್ರು ಅಂತ ತಿಳದೆ. ಅವರ ಗಾಡಿ ಯಾಕ ತಂದೀಪಾ? ತೊಳ್ಯಾಕ ಕೊಟ್ಟಾರೇನು?"

ಕಟ್ಟೆ ನಕ್ಕಿತು. ವಸ್ತಿ ತಲುಪುವುದರೊಳಗೆ ಸುದ್ದಿ ನಮಗಿಂತ ಮೊದಲು ಬಂದಿತ್ತು. ಧೀರಜ ಬಾಗಿಲಲ್ಲೇ ಇದ್ದ. "ಅಣ್ಣಾ, ಚಲೋ ಆತು ಬಿಡು," ಎಂದ. "ಪಾಟೀಲ್ರಿಗೆ ಡ್ರಾಯವ್ಹರ್ ಬೇಕಾಗಿದ್ದ."

ಭಗವಂತ ಮರುದಿನವೇ ಪಾನಾದಿಂದ ನಟ್ಟು ಬಿಚ್ಚಿ ಆ ಹಾರ್ನು ಕಿತ್ತು ಉಕಿರಂಡಿಯ ಕಸದಲ್ಲಿ ಎಸೆದ. ಪಾಟೀಲರ ಹೆಸರು ಕೀಳಲು ಪಾನಾ ಇರಲಿಲ್ಲ. ಗಾಡಿ ಎಲ್ಲಿ ನಿಂತರೂ ಪಾಟೀಲರ ಗಾಡಿ. ಧೀರಜನದು ಧೀರಜನ ಗಾಡಿ. ಹೊಸದಕ್ಕೆ ಹಿಂದಿನ ಮಾಲಕ ಇರುವುದಿಲ್ಲವಲ್ಲ!

ಕಮಿಟಿ ಮತ್ತೆ ಕೂತಿತು. ಸಾಯಬಣ್ಣ ಅಂದದ್ದು ಸರಿಯಾಗಿಯೇ ಇತ್ತು. "ಉದ್ದ ನಿಂದ ಅದ, ಒಪ್ಪಿದೆ. ಆದ್ರ ಪಾಟೀಲ್ರ ಗಾಡಿ ಮುಂದ ಬಿಟ್ಟು ಬಾಬಾಸಾಹೇಬರನ್ನ ಹಿಂದ ಕರಕೊಂಡು ಹೋಗೂದೇನು? ನೀನ ಹೇಳು." ಭಗವಂತನ ಹತ್ತಿರ ಬೇರೆ ಗಾಡಿಯೂ ಇರಲಿಲ್ಲ; ಹಳೆಯ ಬೈಕನ್ನು ಭೀಮಶಾನಿಗೇ ಕೊಟ್ಟು ಬಂದಿದ್ದ.

ದ್ರೌಪದಿ ತಂಗಿಯ ಮನೆಗೆ ಹೋದಳು. ಗಂಡನನ್ನು ಕೇಳಲಿಲ್ಲ, ಸೀದಾ ಹೋಗಿ ಪಿಂಕಿಯನ್ನೇ ಕೇಳಿದಳು. ಪಿಂಕಿ ಧೀರಜನನ್ನು ಒಪ್ಪಿಸಿದಳು. ಜಯಂತಿಯ ದಿನ ಅವನ ಗಾಡಿಯನ್ನು ಭಗವಂತನೇ ಮುಂದೆ ನಡೆಸಲಿ ಎಂದು ತೀರ್ಮಾನವಾಯಿತು. "ಆದ್ರ ನಾ ಹಿಂದ ಕುಂದ್ರಾಂವ," ಎಂದ ಧೀರಜ. "ಹೊಸ ಗಾಡಿ, ಮತ್ತೊಬ್ಬರ ಕೈಯಾಗ ಬಿಡೂದಿಲ್ಲ."

ಭಗವಂತ ಒಂದು ದಿನ ಲೆಕ್ಕ ಹಾಕಿದ. ಒಲ್ಲೆ ಅಂದರೆ ಜಾಗ ಹೋಗುತ್ತದೆ, ಹೂಂ ಅಂದರೆ ಮೂಗು ಹೋಗುತ್ತದೆ. ಕಡೆಗೆ ಮೂಗು ಬಿಟ್ಟು ಜಾಗ ಹಿಡಿದ. ತಲೆ ಒಡೆಸಿಕೊಂಡು ಗಳಿಸಿದ್ದನ್ನು ಯಾರಾದರೂ ಬಿಡುತ್ತಾರೆಯೇ?

ಜಯಂತಿಯ ದಿನ ವಾಡೆಯ ಬೀದಿಗೆ ಮೊದಲು ನುಗ್ಗಿದವನು ಅವನೇ. ಆದರೆ ಗಾಡಿ ನಡೆಸುವವನಿಗೆ ಎರಡೂ ಕೈ ಹ್ಯಾಂಡಲ್ಲಿಗೆ ಬೇಕು. ಝೇಂಡಾ ಹಿಂದೆ ಕೂತ ಧೀರಜನ ಕೈಗೆ ಹೋಯಿತು. ಅವನು ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಬೀಸಿದ. ಝೇಂಡಾದ ಅಂಚು ಭಗವಂತನ ಮುಖಕ್ಕೆ ಬಡಿಯುತ್ತಲೇ ಇತ್ತು. ಹುಡುಗರ ವಿಡಿಯೋದಲ್ಲೆಲ್ಲ ಧೀರಜ ಕಾಣುತ್ತಾನೆ, ಭಗವಂತನ ಮೊಣಕೈ ಕಾಣುತ್ತದೆ.

ಸಂಜೆ ಕೀಲಿ ಕೊಟ್ಟು ಮನೆಗೆ ಬಂದು ಗೋಡೆಗೆ ಒರಗಿದ. ದ್ರೌಪದಿ ನೀರು ಕೊಟ್ಟಳು. "ಹೆಂಗ ಅದರಿ ಅವನ ಗಾಡಿ?"

ಭಗವಂತ ನೀರು ಕುಡಿದು ತಂಬಿಗೆ ಕೆಳಗಿಟ್ಟ.

"ಭಾಡ್ಯಾ ಧೀರ್ಯಾಂದು ಬೆಣ್ಣಿಯಂಗ ಓಡ್ತದ," ಎಂದ.