ಕಟ್ಟಿಗೆ ತರುವವಳ ದನಿ

ಚೆನ್ನೈನ ವಡಪಳನಿಯ ಸ್ಟುಡಿಯೋದಿಂದ ಫೋನ್ ಬಂದಾಗ ನಾನು ಮೈಕಿನ ಎದುರು ನಿಂತು ಏಳು ತಿಂಗಳಾಗಿತ್ತು. ಇಪ್ಪತ್ತೆರಡು ವರ್ಷ ತಮಿಳು ಧಾರಾವಾಹಿಗಳ ಅತ್ತೆ, ನಾದಿನಿಯರಿಗೆ ಕನ್ನಡದಲ್ಲಿ ದನಿ ಕೊಟ್ಟವಳು ನಾನು. ನಡುವೆ ಸೋಪು, ಪೌಡರಿನ ಜಾಹೀರಾತುಗಳೂ ಇದ್ದವು. ಆಮೇಲೆ ಆ ಕೆಲಸವೆಲ್ಲ ಒಂದೊಂದಾಗಿ ಬೆಂಗಳೂರಿಗೆ ಹೋಯಿತು. ನನ್ನನ್ನು ಬೇಡ ಎಂದು ಯಾರೂ ಹೇಳಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೆ.

ಫೋನ್ ಮಾಡಿದವನು ಅಲ್ಲಿನ ಸೌಂಡ್ ಇಂಜಿನಿಯರ್. ಮನೆಮಾತು ತಮಿಳು. ನಮ್ಮಂಥವರ ಜೊತೆ ವರ್ಷಗಟ್ಟಲೆ ಕೂತು ಕೂತು ಕನ್ನಡ ಕಲಿತವನು.

"ಸಿನಿಮಾ ಅಲ್ಲ ಅಕ್ಕಾ, ಸೀರಿಯಲ್ಲೂ ಅಲ್ಲ. ಕಂಪ್ಯೂಟರ್ ಗೇಮ್. ಕನ್ನಡ ಲೇಡಿ ವಾಯ್ಸ್ ಬೇಕಂತೆ. ಬರ್ತೀರಾ?"

ಏನು, ಎಂತು ಎಂದು ಕೇಳದೆ ಬರುತ್ತೇನೆ ಎಂದೆ. ಪೋರೂರಿನ ಮನೆಯಿಂದ ಶೇರ್ ಆಟೋ ಹಿಡಿದು ಹೋದೆ.

ಆಟವನ್ನು ಮಾಡುತ್ತಿದ್ದ ಕಂಪನಿಯ ಹುಡುಗಿ ಅಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿರಬಹುದು. ನನಗೆ ಆಟದ ಗಂಧಗಾಳಿಯೂ ಇಲ್ಲವೆಂದು ಗೊತ್ತಾದ ಮೇಲೆ ತಾಳ್ಮೆಯಿಂದ ತಮಿಳಿನಲ್ಲಿ ವಿವರಿಸಿದಳು. ಹಳೆಯ ಕಾಲದ ಕಥೆ. ಒಂದು ನದಿ, ಅದರ ಎರಡು ದಡಗಳಲ್ಲಿ ಎರಡು ರಾಜ್ಯ. ಆಡುವವನ ಕೈಯಲ್ಲಿ ಮೊದಲಿಗೆ ಇರುವುದು ನಾಲ್ಕೈದು ಜನ ಕೆಲಸಗಾರರು ಮಾತ್ರ. ಅವರು ಹಣ್ಣು ಕೊಯ್ಯಬೇಕು, ಮರ ಕಡಿಯಬೇಕು, ಕಲ್ಲು ಒಡೆಯಬೇಕು, ಗಣಿಯಿಂದ ಚಿನ್ನ ತೆಗೆಯಬೇಕು, ಎಲ್ಲವನ್ನೂ ಹೊತ್ತು ತಂದು ಉಗ್ರಾಣಕ್ಕೆ ಹಾಕಬೇಕು. ಉಗ್ರಾಣ ತುಂಬಿದರೆ ಮನೆ, ಕೋಟೆ, ಕುದುರೆ, ಸೈನ್ಯ. ಅಲ್ಲಿಂದ ಮುಂದೆ ಯುದ್ಧ. ದಕ್ಷಿಣ ದಡದವರು ತಮಿಳು ಮಾತಾಡುತ್ತಾರೆ, ಉತ್ತರ ದಡದವರು ಕನ್ನಡ.

"ನೀವು ಉತ್ತರದ ಕೆಲಸದ ಹೆಂಗಸು ಅಕ್ಕಾ" ಎಂದಳು.

"ಅವಳ ಹೆಸರೇನು?"

"ಹೆಸರಿಲ್ಲ. ಅಂಥವರು ನೂರು ಜನ ಇರ್ತಾರೆ. ನೂರು ಜನಕ್ಕೂ ನಿಮ್ಮದೇ ವಾಯ್ಸ್."

ಆಡುವವನು ಪರದೆಯ ಮೇಲೆ ಅವಳನ್ನು ಒತ್ತಿದಾಗ ಒಂದು ಮಾತು, ಕೆಲಸಕ್ಕೆ ಕಳಿಸಿದಾಗ ಒಂದು ಮಾತು, ಸಾಯುವಾಗ ಒಂದು ಕೂಗು. ಅಷ್ಟೇ ನನ್ನ ಪಾತ್ರ. ಕನ್ನಡದಲ್ಲಿ ಬರೆಸಿಕೊಂಡು ಬಂದಿದ್ದ ಹಾಳೆ ಕೊಟ್ಟಳು. ಮೊದಲ ಸಾಲು ಹೀಗಿತ್ತು: "ತಮ್ಮ ಅಪ್ಪಣೆಯನ್ನು ಶಿರಸಾವಹಿಸಿ ಅರಣ್ಯಕ್ಕೆ ತೆರಳುತ್ತಿದ್ದೇನೆ."

ಎರಡು ಸಲ ಓದಿ ನೋಡಿದೆ. ಆಗಲಿಲ್ಲ. "ಈ ಮಾತು ಮುಗಿಯುವಷ್ಟರಲ್ಲಿ ಅವಳು ಕಾಡಿಗೆ ಹೋಗಿ ವಾಪಸ್ಸು ಬಂದಿರ್ತಾಳಮ್ಮ" ಎಂದೆ. ಇಂಜಿನಿಯರ್ ನಕ್ಕ. ಹುಡುಗಿಯೂ ನಕ್ಕು, ನಾಳೆ ಬನ್ನಿ, ಬೇಕಾದ ಹಾಗೆ ನೀವೇ ಬರೆದುಕೊಂಡು ಬನ್ನಿ ಎಂದಳು. ಎಷ್ಟೋ ವರ್ಷಗಳ ನಂತರ ಯಾರೋ ನನ್ನನ್ನು ಒಂದು ಮಾತು ಕೇಳಿದ್ದರು. ಖುಷಿಯಾಗಿ ಮನೆಗೆ ಬಂದೆ.

ಮನೆಯಲ್ಲಿ ನಾವು ಮೂವರು. ನಾನು, ಕಾಲೇಜಿಗೆ ಹೋಗುವ ಮಗಳು, ಎಂಬತ್ತೊಂದರ ಅಪ್ಪಯ್ಯ. ಅಪ್ಪಯ್ಯ ಕುಂದಾಪುರದ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಈ ಊರಿಗೆ ಬಂದು, ನಲವತ್ತು ವರ್ಷ ಒಂದೇ ಹೋಟೆಲಿನಲ್ಲಿ ದೋಸೆ ಕಾವಲಿಯ ಎದುರು ನಿಂತವರು. ಮದರಾಸು ಚೆನ್ನೈ ಆದರೂ ಅವರ ಮಾತು ಮಾತ್ರ ಕುಂದಾಪುರದ್ದೇ ಉಳಿಯಿತು. ಅವರ ಎದುರು ಹಾಳೆ ಹಿಡಿದು ಗಟ್ಟಿಯಾಗಿ ಓದಿದೆ.

"ಇದ್ ಯಾರ್ ಬರ್ದದ್?" ಎಂದರು. "ಕೆಲ್ಸ ಮಾಡುವರ್ ಇಷ್ಟೆಲ್ಲ ಮಾತಾಡ್ತ್ರಾ?"

"ಆರ್ಡರ್ ಬಂದಾಗ ನೀವ್ ಎಂತ ಹೇಳ್ತಿದ್ರಿ ಅಪ್ಪಯ್ಯ?"

"ಎಂತ ಹೇಳುದ್? ಹೂಂ. ರಶ್ ಇದ್ರೆ ಅದೂ ಇಲ್ಲ. ಸಟ್ಟುಗ ಎತ್ತುದ್, ಅಷ್ಟೆ." ಮತ್ತೆ ತಾವೇ ಹೇಳಿದರು: "ಬೆಳಿಗ್ಗಿನ ಹೂಂ ಬೇರೆ, ಹನ್ನೊಂದ್ ಗಂಟೆ ಹೂಂ ಬೇರೆ. ಬಾಗ್ಲ್ ಹಾಕುವತಿಗೆ ಬಪ್ಪುದ್ ಮತ್ತೊಂದ್ ನಮೂನಿ."

ಮೂರನ್ನೂ ಹೇಳಿ ತೋರಿಸಿದರು. ನಾನು ಹೇಳಿದೆ, ಅವರು ತಿದ್ದಿದರು. ನನ್ನ ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅಪ್ಪಯ್ಯ ಕೈಹಾಕಿದ್ದು ಅದೊಂದೇ ಸಲ.

ಮಾರನೆಯ ದಿನ ಎಲ್ಲವೂ ಸಲೀಸಾಗಿ ನಡೆಯಿತು. ಹೂಂ, ಆಯ್ತು, ಬಂದೆ, ಹೊರಟೆ, ಆಗ್ಲಿ. ಹುಡುಗಿ ಕಣ್ಣರಳಿಸಿ, "ಸೂಪರ್ ಅಕ್ಕಾ, ನಿಜವಾದ ಮನುಷ್ಯರ ಹಾಗಿದೆ" ಎಂದಳು. ಕೊನೆಗೆ ಸಾಯುವ ಕೂಗುಗಳು. ಬಾಣ ತಾಗಿದರೆ ಒಂದು, ಬೆಂಕಿಗೆ ಸಿಕ್ಕಿದರೆ ಒಂದು, ಹುಲಿ ಹಿಡಿದರೆ ಇನ್ನೊಂದು. ನಾನು ಮೊದಲು ಕೂಗಿದ್ದಕ್ಕೆ ಗಾಜಿನ ಆಚೆಯಿಂದ ಹುಡುಗಿ ಕೈಯಾಡಿಸಿದಳು.

"ಸ್ವಲ್ಪ ಕಮ್ಮಿ ಅಕ್ಕಾ. ಆಡೋರಿಗೆ ಬೇಜಾರಾಗಬಾರದು."

ಕಡಿಮೆ ಮಾಡಿದೆ. ಇನ್ನೂ ಕಡಿಮೆ ಎಂದಳು. ಕಡೆಗೆ ಅವಳು ಒಪ್ಪಿದ್ದು, ಮೆಟ್ಟಿಲಿಗೆ ಕಾಲು ತಾಗಿದಾಗ ಬರುವಂಥ ಒಂದು ಸದ್ದನ್ನು.

ಮುಗಿಯಿತು ಎಂದುಕೊಂಡಾಗ ಇಂಜಿನಿಯರ್ ನಾಲ್ಕು ಪುಟ ಮುಂದಿಟ್ಟ. ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳು. ಇವತ್ತು ಸಂಜೆ ನನ್ನ ತಂಗಿ ಕಿತ್ತಳೆ ತಂದಳು. ಬಸ್ಸು ತಡವಾಗಿ ಬಂದದ್ದಕ್ಕೆ ಎಲ್ಲರೂ ಬೈದರು. ಇಂಥವು.

"ಇದು ಯಾಕೆ?"

"ಗೊತ್ತಿಲ್ಲ ಅಕ್ಕಾ, ಕಂಪನಿಯವರು ಕಳಿಸಿದ್ದಾರೆ. ದನಿಯ ಲೆವೆಲ್ ನೋಡೋಕೆ ಇರಬೇಕು."

ನಾನು ಬಹಳ ಶ್ರದ್ಧೆಯಿಂದ ಓದಿದೆ. ಣಕಾರ, ಳಕಾರ, ಹಕಾರ ಎಲ್ಲೂ ಜಾರದ ಹಾಗೆ. ಎರಡು ಕಡೆ ತೃಪ್ತಿಯಾಗದೆ ನಾನೇ ಕೇಳಿ ಮತ್ತೆ ಓದಿದೆ. ಹೊರಡುವಾಗ ಇಂಗ್ಲಿಷಿನ ಒಂದು ಕಾಗದಕ್ಕೆ ಸಹಿ ಹಾಕಿದೆ. ಪ್ರತಿ ಸಲವೂ ಹಾಕುತ್ತಿದ್ದ ಹಾಗೆಯೇ, ಓದದೆ.

ಆಟ ಹೊರಬಂದದ್ದು ಸುಮಾರು ಒಂದು ವರ್ಷದ ನಂತರ. ಮಗಳು ಅದನ್ನು ಹುಡುಕಿ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಇಟ್ಟು ಆಡತೊಡಗಿದಳು. ಅಪ್ಪಯ್ಯ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಪರದೆಯ ಮೇಲೆ ಹಸಿರು ನೆಲ, ಪೊದೆಗಳು, ಕೆಂಪು ಸೀರೆಯ ಹೆಬ್ಬೆರಳಿನಷ್ಟು ಎತ್ತರದ ಹೆಂಗಸು. ಮಗಳು ಅವಳನ್ನು ಒತ್ತಿದಳು.

"ಹೂಂ" ಎಂದಳು ಅವಳು.

ಅಪ್ಪಯ್ಯನ ಮುಖ ಅರಳಿತು. "ಬೆಳಿಗ್ಗಿನ ಹೂಂ!" ಎಂದರು. ನನಗೆ ಕಣ್ಣು ತುಂಬಿ ಬಂತು. ಧಾರಾವಾಹಿಗಳನ್ನು ಅವರು ಯಾವತ್ತೂ ಕೂತು ನೋಡಿದವರಲ್ಲ.

ಹೆಂಗಸರು ಪೊದೆಗೂ ಉಗ್ರಾಣಕ್ಕೂ ಓಡಾಡಿದರು. ಮರ ಕಡಿದರು. ಹೊರೆ ಇಳಿಸಿ, ನಿಲ್ಲದೆ ತಿರುಗಿ ಹೊರಟರು. ಅಪ್ಪಯ್ಯ ಬಹಳ ಹೊತ್ತು ನೋಡಿ ಕೇಳಿದರು.

"ಇವ್ರಿಗೆ ಊಟಕ್ಕೆ ಬಿಡುದಿಲ್ಯಾ?"

"ಅವಂಗ ಸಾಪ್ಪಿಡ ಮಾಟ್ಟಾಂಗ ಅಜ್ಜಾ" ಎಂದಳು ಮಗಳು. ಅವಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಉತ್ತರ ಹೆಚ್ಚಾಗಿ ತಮಿಳಿನಲ್ಲೇ ಬರುತ್ತದೆ.

"ಉಣ್ಣುದಿಲ್ಲ ಅಂದ್ರೆ? ಹಂಗಾರೆ ಆ ಹಣ್ಣ್ ಕೊಯ್ದದ್ ಯಾರಿಗೆ?"

"ಸ್ಟೋರ್‌ಗೆ ಅಜ್ಜಾ. ಅದನ್ನ ಕೊಟ್ರೆ ಸೋಲ್ಜರ್ಸ್ ಬರ್ತಾರೆ."

ಅಪ್ಪಯ್ಯನಿಗೆ ಸಮಾಧಾನವಾಗಲಿಲ್ಲ. ಅವರ ಹೋಟೆಲಿನಲ್ಲಿ ಎಷ್ಟೇ ಗಿರಾಕಿಯಿದ್ದರೂ ಕೆಲಸದವರು ಸರದಿಯ ಮೇಲೆ ಹಿಂದಿನ ಕೋಣೆಗೆ ಹೋಗಿ ಉಂಡು ಬರುತ್ತಿದ್ದರು.

ಅರ್ಧ ಗಂಟೆ ಕಳೆದಿರಬೇಕು. ದಕ್ಷಿಣ ದಡದ ಸೈನಿಕರು ನದಿ ದಾಟಿ ಬಂದರು. ಮಗಳು ಗಡಿಬಿಡಿಯಿಂದ ಅಲ್ಲಿ ಇಲ್ಲಿ ಒತ್ತತೊಡಗಿದಳು. ಆಗ ಪೊದೆಯ ಪಕ್ಕದಲ್ಲಿದ್ದ ಹೆಂಗಸು, ನನ್ನ ದನಿಯಲ್ಲಿ, ಸ್ಪಷ್ಟವಾಗಿ ಹೇಳಿದಳು:

"ಬೆಂಕಿ ಇಡಿ! ಅವರ ಊರಿನಲ್ಲಿ ಒಂದು ಗುಡಿಸಲೂ ಉಳಿಯಕೂಡದು!"

ಮೊದಲು, ನಾನೇ ಹೇಳಿ ಮರೆತಿದ್ದೇನೆ ಎಂದುಕೊಂಡೆ. ಒಂದು ದಿನದಲ್ಲಿ ಎಷ್ಟೋ ಸಾಲು ಹೇಳಿರುತ್ತೇವೆ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ಮತ್ತೊಂದು ಬಂತು. ದಕ್ಷಿಣದವರ ಹುಟ್ಟನ್ನು, ತಾಯಂದಿರನ್ನು ಜರೆಯುವ ಮಾತುಗಳು. ಇಲ್ಲಿ ಬರೆಯಲಾರೆ. ಒಂದೊಂದೂ ನನ್ನ ಉಸಿರು, ನನ್ನ ಳಕಾರ. ಮಗಳು ತಟ್ಟನೆ ಸದ್ದು ತಗ್ಗಿಸಿದಳು. ಕಿಟಕಿ ತೆರೆದಿತ್ತು. ಕೆಳಗಿನ ಮನೆಯ ಮಾಮಿ, ನಾನು ಹೊರಗೆ ಹೋದಾಗಲೆಲ್ಲ ಅಪ್ಪಯ್ಯನಿಗೆ ಕಾಫಿ ತಂದುಕೊಡುವವರು, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅವರಿಗೆ ಕನ್ನಡ ಬರುವುದಿಲ್ಲ. ಆದರೂ ಕಿಟಕಿ ಮುಚ್ಚಿದೆ.

ಅಪ್ಪಯ್ಯ ನನ್ನ ಕಡೆ ತಿರುಗಿದರು. "ಹೀಂಗೆಲ್ಲ ಹೇಳುಕೆ ಒಪ್ಪಿದ್ಯಾ ನೀನ್?"

"ನಾನ್ ಹೇಳ್ಲಿಲ್ಲ ಅಪ್ಪಯ್ಯ."

"ನಿನ್ ಸ್ವರ ನಂಗ್ ಗೊತ್ತಿಲ್ಯಾ?"

"ಸ್ವರ ನಂದೇ. ಮಾತ್ ನಂದಲ್ಲ. ಮಷೀನ್ ಮಾಡಿದ್ದ್. ಅವತ್ತ್ ನಾಕ್ ಪುಟ ಓದ್ಸಿದ್ರ್, ಅದ್ರಿಂದ..."

"ಓದಿದ್ಯಲ್ದಾ ಮತ್ತೆ?"

ಒಮ್ಮೆ ಓದಿಸಿಕೊಂಡ ದನಿಯಿಂದ ಮಷೀನು ಬೇಕಾದ ಮಾತನ್ನೆಲ್ಲ ಹುಟ್ಟಿಸುತ್ತದೆ ಎಂದು ನಾನು ಮತ್ತೆ ಮೊದಲಿನಿಂದ ಹೇಳಿದೆ. ಮಗಳೂ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಮುರುಕು ಕನ್ನಡದಲ್ಲಿ ಹೇಳಿದಳು. ಅಪ್ಪಯ್ಯ ತಲೆಯಾಡಿಸುತ್ತ ಕೇಳಿದರು, ಮಗು ತಪ್ಪು ಮಾಡಿ ಸುಳ್ಳು ಹೇಳುವಾಗ ದೊಡ್ಡವರು ಕೇಳುವ ಹಾಗೆ. ಕೊನೆಗೆ ನನ್ನ ಮೊಣಕೈ ಮುಟ್ಟಿ ಹೇಳಿದರು.

"ಇರ್ಲಿ ಬಿಡ್ ಮಗಾ. ಹೊಟ್ಟೆಪಾಡ್. ಯಜಮಾನ್ರ್ ಹೇಳ್ರಂದ್ ಹುಳಿ ಬಂದ ಹಿಟ್ಟ್ ನಾನೂ ಹೊಯ್ದದ್ ಇತ್ತ್."

ಅವರು ಬೈದಿದ್ದರೆ ಜಗಳವಾಡಬಹುದಿತ್ತು. ಮಾಡದ ತಪ್ಪಿಗೆ ಕ್ಷಮಿಸಿಬಿಟ್ಟರೆ ಏನು ಮಾಡುವುದು?

ಸೋಮವಾರ ಬೆಳಿಗ್ಗೆ ಇಂಜಿನಿಯರ್‌ಗೆ ಫೋನ್ ಮಾಡಿದೆ. ಅವನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಸತ್ಯವಾಗ್ಲೂ ನನಗೆ ಗೊತ್ತಿರಲಿಲ್ಲ ಅಕ್ಕಾ. ನನ್ನ ಕೆಲಸವನ್ನೂ ಈಗ ಅರ್ಧ ಆ ಮಷೀನೇ ಮಾಡ್ತಿದೆ" ಎಂದ. ನಾನು ಸಹಿ ಹಾಕಿದ ಕಾಗದದ ಪ್ರತಿ ಕಳಿಸಿದ. ಮಗಳು ಓದಿ ಅರ್ಥ ಹೇಳಿದಳು. ನನ್ನ ದನಿಯನ್ನು ಅವರು ಹೇಗೆ ಬೇಕಾದರೂ, ಯಾವ ರೂಪದಲ್ಲಿ ಬೇಕಾದರೂ, ಎಷ್ಟು ಕಾಲ ಬೇಕಾದರೂ ಬಳಸಬಹುದು. ಕೆಳಗೆ ನನ್ನ ಸಹಿ, ದುಂಡಗೆ, ಚೆಂದವಾಗಿ.

ಆ ಹುಡುಗಿಯ ನಂಬರ್ ಹುಡುಕಿ ಅವಳಿಗೂ ಮಾಡಿದೆ. ಗುರುತು ಹಿಡಿದಳು. ನಾನು ಹೇಳಿದ್ದನ್ನು ಕೇಳಿ, "ಅಯ್ಯೋ" ಎಂದಳು. "ಅಕ್ಕಾ, ನನ್ನನ್ನ ಆರು ತಿಂಗಳ ಹಿಂದೇನೇ ತೆಗೆದರು. ಆ ಮಾತುಗಳನ್ನ ಯಾರು ಹಾಕಿದರೋ ಗೊತ್ತಿಲ್ಲ. ಒಂದು ಮೇಲ್ ಐಡಿ ಕೊಡ್ತೀನಿ, ಬರೆದು ನೋಡಿ."

ಮಗಳ ಕೈಯಲ್ಲಿ ಬರೆಸಿದೆ. ಮೂರನೆಯ ದಿನ ಉತ್ತರ ಬಂತು: ನಮ್ಮ ಆಟದಲ್ಲಿ ನೀವು ತೋರಿದ ಆಸಕ್ತಿಗೆ ಧನ್ಯವಾದ. ಮತ್ತೆ ಬರೆಸಿದೆ. ಅದೇ ಉತ್ತರ ಬಂತು, ಅಕ್ಷರ ವ್ಯತ್ಯಾಸವಿಲ್ಲದೆ. ತಾಂಬರಂನಲ್ಲಿ ವಕೀಲರ ಹತ್ತಿರ ಗುಮಾಸ್ತೆಯಾಗಿರುವ ನನ್ನ ಗೆಳತಿಯೊಬ್ಬಳಿಗೆ ಕಾಗದ ತೋರಿಸಿದೆ. ಅವಳು ಓದಿ, ಮಡಿಸಿ, ನನ್ನ ಕೈಗೇ ವಾಪಸ್ಸು ಕೊಟ್ಟಳು. ಮರಳುವಾಗ ರೈಲಿನಲ್ಲಿ ಪಕ್ಕದವರು ಇದು ಯಾವ ಸ್ಟೇಷನ್ ಎಂದು ಕೇಳಿದರು. ಉತ್ತರ ಹೇಳಲು ಬಾಯಿ ತೆರೆದವಳು ಯಾಕೋ ಹೇಳದೆ, ಕೈಯಿಂದ ಬೋರ್ಡು ತೋರಿಸಿದೆ.

ಮಗಳು ಆಟವನ್ನು ಅಳಿಸಿಹಾಕಿದ್ದಳು. ಆದರೆ ಒಂದು ವಾರವಾಗುವಷ್ಟರಲ್ಲಿ ಅಪ್ಪಯ್ಯ ಕೇಳತೊಡಗಿದರು. "ಆ ಹೆಂಗಸ್ರದ್ದ್ ಹಾಕ್ ಕಾಂಬ." ಅವರಿಗೆ ಟಿವಿ ಬೇಡ, ಪೇಪರ್ ಓದಲು ಕಣ್ಣು ಸಾಲದು. ಮಧ್ಯಾಹ್ನದ ಹೊತ್ತು ಹೋಗುವುದಿಲ್ಲ. ಮಗಳು ನನ್ನ ಮುಖ ನೋಡಿದಳು. ಹಾಕು ಎಂದೆ. ಯುದ್ಧವಿಲ್ಲದ ಹಾಗೆ, ಎದುರಾಳಿಯೇ ಇಲ್ಲದೆ ಆಡುವ ಒಂದು ಬಗೆ ಅದರಲ್ಲಿದೆಯಂತೆ. ಅದನ್ನೇ ಹಾಕಿಕೊಟ್ಟಳು. ಸುಮ್ಮನೆ ಕೊಯ್ಯುವುದು, ಕಡಿಯುವುದು, ಹೊತ್ತು ತರುವುದು. ಕಾಲೇಜಿಲ್ಲದ ದಿನಗಳಲ್ಲಿ ಈಗ ಅದೇ ನಡೆಯುತ್ತದೆ. ಅಪ್ಪಯ್ಯ ಇಂಥವಳನ್ನು ಅಲ್ಲಿಗೆ ಕಳಿಸು, ಅವಳು ಆಗಿನಿಂದ ಕಲ್ಲು ಒಡೆಯುತ್ತಿದ್ದಾಳೆ, ಸ್ವಲ್ಪ ಹಣ್ಣಿನ ಕಡೆ ಬಿಡು ಎಂದು ಹೇಳಿಕೊಡುತ್ತಾರೆ. ಅಡುಗೆಮನೆಯಲ್ಲಿ ನಿಂತ ನನಗೆ ನಡುಮನೆಯಿಂದ ನನ್ನ ದನಿ ಕೇಳುತ್ತಿರುತ್ತದೆ. ಹೂಂ. ಬಂದೆ. ಹೊರಟೆ. ನಡುನಡುವೆ ನಾನು ಎಂದೂ ಆಡದ ಮಾತುಗಳು. ಕಿವಿ ಅವುಗಳನ್ನು ಬೇರೆ ಮಾಡಿ ಹಿಡಿಯುವುದು ಈಚೆಗೆ ಕಡಿಮೆಯಾಗಿದೆ. ಅದು ನನಗೆ ಹೆದರಿಕೆ.

ಮೊನ್ನೆ ಅನ್ನ ಬಡಿಸಿಟ್ಟು ಬಾಗಿಲಲ್ಲಿ ನಿಂತು ಕರೆದೆ. "ಅಪ್ಪಯ್ಯ, ಊಟ." ಅವರು ತಿರುಗಲಿಲ್ಲ. ಮಗಳ ಕಿವಿಗೆ ಹೆಡ್‌ಫೋನ್ ಇರಲಿಲ್ಲ, ಅವಳೂ ತಿರುಗಲಿಲ್ಲ. ಮತ್ತೊಮ್ಮೆ ಕರೆದೆ. ಅಪ್ಪಯ್ಯ ಪರದೆಯ ಮೇಲೆ ಬಗ್ಗಿ, ಈಗ ಕರೆದದ್ದು ಯಾವಳು ಎಂದು ಒಬ್ಬೊಬ್ಬಳನ್ನೇ ಹುಡುಕತೊಡಗಿದರು. ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟೆ. ಬೆಚ್ಚಿ ತಲೆಯೆತ್ತಿದರು.

"ಓ, ನೀನಾ" ಎಂದರು.

"ಹೌದ್ ಅಪ್ಪಯ್ಯ. ಅನ್ನ ತಣಿತಾ ಇತ್ತ್, ಏಳಿ."