ಹತ್ತಿ ಕೋಣೆಯ ಜಾಜ್

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೊಳಲ್ಕೆರೆಯಲ್ಲಿ ಟೈಪಿಂಗ್ ಸೆಂಟರ್ ಇಟ್ಟುಕೊಂಡು ದಿನವಿಡೀ ಊರವರ ತಪ್ಪು ತಿದ್ದುತ್ತ ಕೂತವನಿಗೆ ಇನ್ನೇನು ಬರುತ್ತದೆ ಹೇಳಿ? ಆ ಸಿಟ್ಟನ್ನು ನಗುತ್ತ ತಡೆದುಕೊಳ್ಳುತ್ತಿದ್ದವನು ಒಬ್ಬನೇ, ಹೊಸದುರ್ಗದ ನನ್ನ ಗೆಳೆಯ. ಅವನದು ಹಾಸಿಗೆ ಅಂಗಡಿ. ಅಜ್ಜನ ಕಾಲದಿಂದಲೂ ಅವರ ಮನೆಯಲ್ಲಿ ಹತ್ತಿ ಹಿಂಜುವ ಕಸುಬು. ಅವನು ತೀರಿಕೊಂಡು ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನ ಹೆಂಡತಿ, ನಾನು ಭಾಬಿ ಎಂದು ಕರೆಯುವವರು, ಫೋನ್ ಮಾಡಿದರು.

"ಅಣ್ಣ, ಒಂದ್ಸಲ ಬಂದು ಹೋಗ್ರಿ. ಅವರ ದನಿ ಕೇಳಾಣ ಅಂತ ನಿಮ್ಮ ಟೇಪ್ ಹಾಕಿದ್ದೆ. ಅದು ಅವರ ದನಿ ಅಲ್ಲ. ಅದ್ರಾಗೆ ಬೇರೆ ಯಾರೋ ಅವರೆ. ನಂಗೆ ಹೆದ್ರಿಕೆ ಆಗ್ತೈತೆ."

ಸೆಂಟರಿಗೆ ಬೀಗ ಹಾಕಿ ಹೊಸದುರ್ಗದ ಬಸ್ಸು ಹತ್ತಿದೆ.

ಆ ಟೇಪಿನ ಕತೆ ಇಷ್ಟು. ಬಹಳ ವರ್ಷಗಳ ಹಿಂದೆ ಅವನು ಚಿತ್ರದುರ್ಗದ ಗುಜರಿ ಅಂಗಡಿಯಿಂದ ಒಂದು ಟೇಪ್ ರೆಕಾರ್ಡರನ್ನೂ ಒಂದು ಡಬ್ಬ ಕ್ಯಾಸೆಟ್ಟನ್ನೂ ತಂದಿದ್ದ. ಡಬ್ಬದ ಮೇಲೆ ಜಾಜ್ ಅಂತ ಬರೆದಿತ್ತು. ಒಳಗಿನ ಚೀಟಿಗಳನ್ನೆಲ್ಲ ಗೆದ್ದಲು ತಿಂದು, ಊದಿದವರು ಯಾರು, ಆಲ್ಬಮ್ಮಿನ ಹೆಸರೇನು, ಒಂದೂ ಗೊತ್ತಾಗುವಂತಿರಲಿಲ್ಲ. ಮನೆಯವರು ನಕ್ಕರು. ನಮಗೋ ಹುಚ್ಚು ಹಿಡಿಯಿತು. ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಹತ್ತಿ ಕೋಣೆಯಲ್ಲಿ ಕೂತು ಒಂದೊಂದೇ ಆಲ್ಬಮ್ ಕೇಳುವುದು, ಹೆಸರು ನಾವೇ ಇಡುವುದು. ಡ್ರಮ್ಮು ಬಿಟ್ಟೂ ಬಿಟ್ಟೂ ಬರುವ ಒಂದಕ್ಕೆ, ಹೊರಡಲೋ ಬೇಡವೋ ಎನ್ನುವ ಗೂಡ್ಸ್ ಗಾಡಿಯ ಹಾಗಿದೆಯೆಂದು 'ರಾಮಗಿರಿ ಸ್ಟೇಷನ್' ಅಂತ ಹೆಸರಿಟ್ಟೆವು. ತೀರಾ ನಿಧಾನವಾಗಿ, ಕರುಳು ಹಿಂಡುವ ಹಾಗೆ ಸ್ಯಾಕ್ಸಫೋನ್ ಊದಿದ ಇನ್ನೊಂದಕ್ಕೆ 'ಸೂತಕದ ಮನೆ' ಅಂತ.

ನಮ್ಮದೊಂದು ಪದ್ಧತಿ ಇತ್ತು. ಆಲ್ಬಮ್ ಮುಗಿದ ಮೇಲೆ ಕ್ಯಾಸೆಟ್ಟಿನ ಕೊನೆಗೆ ಉಳಿದ ಖಾಲಿ ಜಾಗದಲ್ಲಿ ನಮ್ಮ ಅಭಿಪ್ರಾಯ ರೆಕಾರ್ಡ್ ಮಾಡಬೇಕು. ಮೊದಲು ಮಾತಾಡಿದವನು "ನೀನೇನಂತೀಯ?" ಅಂತ ಕೇಳಬೇಕು, ಇನ್ನೊಬ್ಬ ಹೇಳಲೇಬೇಕು.

"ಈ ಪಿಯಾನೊದವನಿಗೆ ಮನಸ್ಸೇ ಇಲ್ಲ ಕಣಪ್ಪ. ಯಾವಾಗ ಎದ್ದು ಹೋಗಾಣ ಅಂತ ಕುಂತಾನೆ," ಅಂತ ನಾನು ಉರಿದುಬೀಳುತ್ತಿದ್ದೆ.

"ಲೇ, ನಿಂಗೆ ಎಲ್ರೂ ಟೈಪಿಂಗ್ ಕಲಿಯಾಕೆ ಬಂದೋರ ಥರಾನೇ ಕಾಣ್ತಾರೆ. ಅವ್ನು ಪಕ್ಕದೋನಿಗೆ ಜಾಗ ಬಿಟ್ಟಾನೆ," ಅಂತ ಅವನು ನಗುತ್ತಿದ್ದ. ಅವನ ದನಿ ದಪ್ಪ, ಮಾತು ನಿಧಾನ.

ಕೊನೆಯ ಬಾರಿ ನನಗೆ ಜ್ವರ, ಹೋಗಲಾಗಲಿಲ್ಲ. ಅವನೊಬ್ಬನೇ 'ಸೂತಕದ ಮನೆ' ಇನ್ನೊಮ್ಮೆ ಕೇಳಿ, ತನ್ನ ಮಾತು ತುಂಬಿಸಿ, ನನ್ನ ಪಾಲಿಗೆ ಜಾಗ ಬಿಟ್ಟಿದ್ದೇನೆಂದು ಫೋನಿನಲ್ಲಿ ಹೇಳಿದ. ಮುಂದಿನ ಭಾನುವಾರದ ಹೊತ್ತಿಗೆ ಅವನೇ ಇರಲಿಲ್ಲ. ಅವನ ಕೊನೆಯ ಮಾತು ಆ ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಕೇಳಲು ನನಗೆ ಧೈರ್ಯವಾಗಿರಲಿಲ್ಲ. ಈಗ ನೋಡಿದರೆ, ಅದರಲ್ಲಿ ಅವನೇ ಇಲ್ಲ ಅನ್ನುತ್ತಿದ್ದಾರೆ.

"ಬರ್ರಿ ಅಣ್ಣ, ಕುಂತ್ಕಳ್ರಿ," ಅಂದರು ಭಾಬಿ. ಹತ್ತಿ ಕೋಣೆ ಹಾಗೇ ಇತ್ತು. ಅಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ, ಆಡಿದ ಮಾತನ್ನು ಹತ್ತಿಯೇ ನುಂಗಿಬಿಡುತ್ತದೆ. ಹತ್ತಿ ರಾಶಿಯಲ್ಲಿ ಅವನು ಒರಗಿ ಕೂರುತ್ತಿದ್ದ ಕಡೆ ಗುಂಡಿ ಬಿದ್ದದ್ದು ಇನ್ನೂ ಮುಚ್ಚಿರಲಿಲ್ಲ. ನಾನು ಅದಕ್ಕೆ ಬೆನ್ನು ಹಾಕಿ ಕೂತೆ.

ಭಾಬಿ ಟೇಪ್ ಹಾಕಿದರು. ನಾನು ಬೆಚ್ಚಿಬಿದ್ದೆ. ನಮ್ಮ ಸೂತಕದ ಮನೆಯಿಂದ ಕುಣಿತದ ಹಾಡು ಬಂತು! ಸ್ಯಾಕ್ಸಫೋನ್ ಕಿಲಕಿಲ ನಗುತ್ತಿತ್ತು, ಡ್ರಮ್ಮು ಮದುವೆ ಮನೆಯ ಹಾಗೆ ಹಾರಿ ಹಾರಿ ಬೀಳುತ್ತಿತ್ತು. ಅದು ಮುಗಿದದ್ದೇ ಒಂದು ಕೀರಲು ದನಿ ಗಡಿಬಿಡಿಯಲ್ಲಿ ಏನೋ ಒದರಿತು. ಮಾತು ಅವನದೇ, ಗಂಟಲು ಮಾತ್ರ ಯಾರದೋ. ಭಾಬಿ ಸೆರಗು ಬಾಯಿಗೊತ್ತಿಕೊಂಡು ಟೇಪ್ ನಿಲ್ಲಿಸಿದರು.

"ಈ ಟೇಪಿಗೆ ಏನು ಮಾಡಿಸಿದ್ರಿ ಭಾಬಿ?"

"ಚಿತ್ರದುರ್ಗಕ್ಕೆ ಕಳ್ಸಿ ರಿಪೇರಿ ಮಾಡ್ಸಿದೆ. ನೀವು ಬಂದಾಗ ಚೆನ್ನಾಗಿ ಕೇಳ್ಲಿ ಅಂತ. ಒಳಗೆ ಕ್ಯಾಸೆಟ್ ತಿರುಗ್ಸೋ ಬೆಲ್ಟ್ ಸಡ್ಲ ಆಗಿತ್ತಂತೆ, ತಂದಾಗಿಂದ್ಲೂ ಹಂಗೇ ಇರ್ಬೇಕು ಅಂದ್ರು. ಹೊಸ ಬೆಲ್ಟ್ ಹಾಕಿ, ಹಳೇದು ಅಲ್ಲೇ ಬಿಸಾಕಿದ್ರಂತೆ."

ಆಗ ತಲೆಗೆ ಹೋಯಿತು. ಇಷ್ಟು ವರ್ಷ ನಮ್ಮ ಟೇಪು ನಿಧಾನವಾಗಿ ತಿರುಗುತ್ತಿತ್ತು. ಯಾರೋ ಕುಣಿಯಲೆಂದು ಊದಿದ್ದನ್ನು ನಾವಿಬ್ಬರು ಕತ್ತೆಗಳು ಕಣ್ಣೀರು ಹಾಕಿಕೊಂಡು ಕೇಳಿದ್ದೆವು. ನಿಧಾನ ತಿರುಗುವಾಗ ತುಂಬಿಸಿದ ನಮ್ಮ ಮಾತು ಆ ನಿಧಾನದಲ್ಲಿ ತಿರುಗಿದರೆ ಮಾತ್ರ ಸರಿಯಾಗಿ ಕೇಳುತ್ತದೆ. ರಿಪೇರಿಯಾದ ಟೇಪಿನಲ್ಲಿ ಅವನಿಲ್ಲ. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೋರಿಸಲಿ? ಆ ತಾಯಿ ಪ್ರೀತಿಯಿಂದ ಮಾಡಿಸಿದ್ದು. ಅಯ್ಯೋ, ಉಳಿದಿದ್ದ ಒಂದು ದನಿಯೂ ಹೋಯಿತಲ್ಲ!

ಮುಖ ತಿರುಗಿಸಿದಾಗ ಕಿಟಕಿ ಕಂಡಿತು. ಕರೆಂಟ್ ಹೋದಾಗ ಬೇಕಾಗುತ್ತವೆಂದು ಅವನು ಟೇಪಿನ ಸೋತ ಬ್ಯಾಟರಿ ಶೆಲ್ಲುಗಳನ್ನು ಬಿಸಿಲಿಗೆ ಸಾಲಾಗಿ ಇಡುತ್ತಿದ್ದ. ಎಷ್ಟು ಬೈದರೂ ಎಸೆಯುತ್ತಿರಲಿಲ್ಲ.

"ಆ ಶೆಲ್ಲು ನಾನು ಮುಟ್ಟಿಲ್ಲ ಅಣ್ಣ. ಅವರು ಇಟ್ಟಂಗೇ ಅವೆ," ಅಂದರು ಭಾಬಿ.

ಕ್ಯಾಸೆಟ್ಟನ್ನು ಸ್ವಲ್ಪ ಹಿಂದಕ್ಕೆ ಓಡಿಸಿ, ವೈರ್ ಕಿತ್ತು ಆ ಶೆಲ್ಲುಗಳನ್ನೇ ಹಾಕಿದೆ. ಟೇಪು ತ್ರಾಣವಿಲ್ಲದವರ ಹಾಗೆ ತಿರುಗತೊಡಗಿತು. ಸ್ಯಾಕ್ಸಫೋನಿನ ನಗು ಇಳಿಯಿತು, ಇನ್ನೂ ಇಳಿಯಿತು, ನಮ್ಮ ಹಳೆಯ ಅಳುವಿಗೆ ಬಂದು ಮುಟ್ಟಿತು. ಅದರ ಹಿಂದೆಯೇ ಅವನು ಬಂದ. ಅದೇ ದಪ್ಪ ದನಿ. ಟೇಪು ನನ್ನ ಮುಂದೆಯೇ ಇತ್ತು, ಆದರೂ ಮಾತು ಬೆನ್ನ ಹಿಂದಿನ ಗುಂಡಿಯಿಂದ ಬಂದ ಹಾಗಿತ್ತು. ಹಿಂತಿರುಗಿ ನೋಡಲಿಲ್ಲ. ಭಾಬಿ ಮಾತ್ರ ಅತ್ತಲೇ ನೋಡುತ್ತಿದ್ದರು.

"ಲೇ, ಇವತ್ತು ಸರಿಯಾಗಿ ಕೇಳ್ದೆ. ಈ ಊದೋನು ಯಾರ್ನೋ ಕಳ್ಕಂಡಾನೆ ಕಣೋ. ಅವರು ಕೇಳ್ಲಿ ಅಂತ್ಲೇ ಊದ್ತಾನೆ. ನೀನೇನಂತೀಯ?"

ಆಮೇಲೆ ಬರೀ ಟೇಪಿನ ಸರಸರ. ನನ್ನ ಪಾಲಿಗೆ ಬಿಟ್ಟ ಜಾಗ. ತಪ್ಪು ಕಣಪ್ಪ, ಅವನು ಕುಣಿಯೋಕೆ ಊದಿದ್ದು ಅಂತ ಹೇಳಬೇಕಿತ್ತು. ಜನ್ಮವೆಲ್ಲ ತಪ್ಪು ತಿದ್ದಿದವನು ನಾನು.

"ಸರಿಯಾಗಿ ಹೇಳ್ದೆ ಕಣೋ. ಕಳ್ಕಂಡಾನೆ," ಅಂದೆ ಗಟ್ಟಿಯಾಗಿ.

ಸರಸರ ಸದ್ದು ಕುಂಟಿತು, ನಿಂತಿತು. ಶೆಲ್ಲು ಮುಗಿದಿದ್ದವು. ಆಮೇಲೆ ಭಾಬಿ ಕಣ್ಣೊರೆಸಿಕೊಂಡು ಶೆಲ್ಲುಗಳನ್ನು ಒಂದೊಂದಾಗಿ ತೆಗೆದರು, ಕಿಟಕಿಯ ಬಿಸಿಲಿಗೆ ಮೊದಲಿನಂತೆಯೇ ಸಾಲಾಗಿ ಇಟ್ಟರು.

"ಭಾನುವಾರ ಬರ್ರಿ ಅಣ್ಣ," ಅಂದರು. "ಅಷ್ಟೊತ್ತಿಗೆ ಒಂಚೂರು ಜೀವ ಬರ್ತೈತೆ."